ರೇಷ್ಮೆಯ ಊರಿನಲ್ಲಿ ಪತಂಗದ ಮಾತು

ಇಳಕಲ್ ಸೀಮೆಯ ಗುಡೂರು. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಸಂಜೆ, ಒಂದು ಮಗ್ಗದ ಮನೆಯ ಕಟ್ಟೆ. ಮಾತಾಡುವವರಲ್ಲಿ ಒಬ್ಬ ಸೀರೆ ನೇಯುತ್ತ ಊರ ಹೊರಗಿನ ಹೊಲವನ್ನೂ ನೋಡಿಕೊಳ್ಳುವ ನೇಕಾರ, ಇನ್ನೊಬ್ಬರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರು. ನಡುವೆ ನೇಕಾರನ ತಾಯಿಯೂ ಬಂದು ಕೂಡುತ್ತಾಳೆ.

ನೇಕಾರ: ಪತಂಗದ ಚಿತ್ರ ಬರಕೊಂಡ ಬಾ ಅಂತ ನನ್ನ ಮಗಳಿಗೆ ಹೇಳೀರಂತ. ಪಾತರಗಿತ್ತಿ ಅಂದಿದ್ರ ತಿಳೀತಿತ್ತು. ಅದಕ್ಕ ಬಣ್ಣ ಐತಿ, ಬೇಂದ್ರೆಯವರು ಅದರ ಮ್ಯಾಲ ಪದ್ಯ ಕಟ್ಯಾರ, ಸರ್ಕಾರದವರೂ ಒಂದನ್ನ ಆರಿಸಿ ರಾಜ್ಯದ ಚಿಟ್ಟಿ ಅಂತ ಮಾಡ್ಯಾರ. ದೀಪಕ್ಕ ಬಡಕೊಂಡು ಸಾಯೋ ಹುಳದಾಗ ಬರಿಯೂವಂಥಾದ್ದು ಏನೈತ್ರಿ?

ಮಾಸ್ತರು: ಬೇರೆ ಊರಿನವರು ಕೇಳಿದ್ದರೆ ಸುಮ್ಮನಿರುತ್ತಿದ್ದೆ. ಗುಡೂರಿನ ನೇಕಾರರು ಕೇಳುತ್ತೀರಲ್ಲ, ಅದಕ್ಕೇ ಬೇಸರ. ಒಳಗೆ ಮಗ್ಗದ ಮೇಲೆ ಈಗ ಯಾವ ಸೀರೆ ಇದೆ?

ನೇಕಾರ: ಗೋಮಿ ದಡಿದು. ಒಡಲು ಹತ್ತಿ, ಸೆರಗು ತೋಪು ತೆನಿ. ಅಸಲ ರೇಶಿಮಿ ಹಾಕೇನ್ರಿ, ಚಮಕಾ ಅಲ್ಲ.

ಮಾಸ್ತರು: ಆ ಸೆರಗಿನ ಎಳೆ ಎಳೆಯೂ ಒಂದು ಪತಂಗದ ಎಳೆತನದ ದುಡಿಮೆ. ನಿಮ್ಮ ಅಜ್ಜನ ಕಾಲದಿಂದ ಈ ಮನೆ ಆ ಪತಂಗದ ನೂಲಿನ ಮೇಲೆ ನಡೆದಿದೆ. ಅದರ ಮುಖವನ್ನು ಈ ಓಣಿಯಲ್ಲಿ ಯಾರಾದರೂ ನೋಡಿದ್ದಾರೆಯೇ?

ನೇಕಾರ: ನೋಡೂದು ಹ್ಯಾಂಗ? ನಮಗ ಬರೋದು ನೂಲು. ಗೂಡು ಬೆಳಿಯೂದು, ಬಿಚ್ಚೂದು ಎಲ್ಲಾ ರಾಮನಗರ, ಶಿಡ್ಲಘಟ್ಟದ ಕಡೆ. ಹುಳ ಎಲಿ ತಿಂದು ಗೂಡು ಕಟ್ಟತೈತಿ, ಗೂಡು ಕುದಿಸಿ ನೂಲು ತಗೀತಾರ, ಅಷ್ಟು ಗೊತ್ತೈತಿ.

ಮಾಸ್ತರು: ಅಷ್ಟಕ್ಕೇ ನಿಂತುಬಿಡುತ್ತೇವೆ ಅನ್ನುವುದೇ ನನ್ನ ತಕರಾರು. ಗೂಡು ಕಟ್ಟುವಾಗ ಅದು ತಲೆಯನ್ನು ಎಂಟರ ಅಂಕಿಯ ಹಾಗೆ ಆಡಿಸುತ್ತ, ಎರಡು ಮೂರು ದಿನ ಬಿಡದೆ ಒಂದೇ ಎಳೆ ಸುತ್ತುತ್ತದೆ. ತಳಿ ನೋಡಿಕೊಂಡು ಆ ಎಳೆ ಅರ್ಧ ಕಿಲೋಮೀಟರಿನಿಂದ ಒಂದು ಕಿಲೋಮೀಟರ್ ದಾಟಿ ಉದ್ದ ಇರುತ್ತದೆ. ಎಲ್ಲೂ ಗಂಟಿಲ್ಲ.

ನೇಕಾರ: ನಮ್ಮ ಲಾಳಿ ಆಡಿದಂಗ ಆತಲ್ರಿ, ಅತ್ತ ಇತ್ತ.

ಮಾಸ್ತರು: ಅದೇ. ಒಳಗಿರುವ ಕೋಶ ಪತಂಗವಾಗಿ ಹೊರಬಿದ್ದರೆ ಬಾಯಿಂದ ಒಂದು ರಸ ಬಿಟ್ಟು ಗೂಡಿನ ತುದಿಯನ್ನು ನೆನೆಸಿ ಸಡಿಲ ಮಾಡುತ್ತದೆ. ಆಗ ಎಳೆ ಅಲ್ಲಲ್ಲಿ ಹರಿಯುತ್ತದೆ. ಅದಕ್ಕೇ ಹೊರಬರುವ ಮೊದಲೇ ಬಿಸಿಗೆ ಹಾಕುತ್ತಾರೆ. ಒಂದು ಕೆ.ಜಿ. ಕಚ್ಚಾ ರೇಷ್ಮೆಗೆ ಸುಮಾರು 7 ಕೆ.ಜಿ. ಗೂಡು ಬೇಕು, ಎಣಿಸಿದರೆ ನಾಲ್ಕು ಸಾವಿರದ ಆಸುಪಾಸು. ಅಷ್ಟು ಪತಂಗಗಳು ರೆಕ್ಕೆ ಕಾಣದೆ ಹೋಗುತ್ತವೆ.

ನೇಕಾರ: ಬಿತ್ತಕ್ಕ ಅಂತ ಒಂದಷ್ಟು ಬಿಡಬೇಕಲ್ಲ?

ಮಾಸ್ತರು: ಬಿಡುತ್ತಾರೆ. ಬಿತ್ತನೆ ಕೋಠಿಯಲ್ಲಿ ನಾನು ನೋಡಿದ್ದೇನೆ. ಬೆಳಗಿನ ಹೊತ್ತು ಗೂಡು ಒದ್ದೆಯಾಗುತ್ತದೆ, ತಲೆ ಹೊರಗೆ ಬರುತ್ತದೆ, ಹಸಿ ರೆಕ್ಕೆ ಮುದುಡಿಕೊಂಡಿರುತ್ತದೆ. ಸ್ವಲ್ಪ ಹೊತ್ತಿಗೆ ರೆಕ್ಕೆ ಬಿಚ್ಚುತ್ತದೆ. ಕೆನೆ ಬಣ್ಣ, ಮೈತುಂಬ ಮೆತ್ತನೆ ರೋಮ, ತಲೆಯ ಮೇಲೆ ಎರಡು ಬಾಚಣಿಕೆಯಂಥ ಮೀಸೆ. ಅದಕ್ಕೆ ತಿನ್ನಲು ಬಾಯಿಲ್ಲ. ಐದಾರು ಸಾವಿರ ವರ್ಷ ಮನುಷ್ಯನ ಕೈಯಲ್ಲೇ ಬೆಳೆದು ಹಾರುವುದನ್ನೂ ಮರೆತಿದೆ. ಗಂಡು ರೆಕ್ಕೆಯನ್ನು ಪಟಪಟ ಬಡಿಯುತ್ತ ತಟ್ಟೆಯ ಮೇಲೆ ಸುತ್ತು ಹೊಡೆದು ಹೆಣ್ಣನ್ನು ಹುಡುಕುತ್ತದೆ. ಕೂಡಿದ ಮೇಲೆ ಹೆಣ್ಣು ನಾನೂರು ಐನೂರು ಮೊಟ್ಟೆ ಇಟ್ಟು ಕೆಲವೇ ದಿನಕ್ಕೆ ಮುಗಿಯುತ್ತದೆ. ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಸಾಕುವುದು ಮಿಶ್ರತಳಿ. ಹೆಣ್ಣು ಶುದ್ಧ ಮೈಸೂರು ತಳಿಯದು, ಗಂಡು ಸಿಎಸ್‌ಆರ್-2. ಮೊಟ್ಟೆ ಇಟ್ಟ ತಾಯಿ ಪತಂಗವನ್ನು ಆಮೇಲೆ ಅರೆದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ.

ನೇಕಾರ: ಸತ್ತದ್ದನ್ನ ಅರಿಯೂದ್ಯಾಕ?

ಮಾಸ್ತರು: ಪೆಬ್ರಿನ್ ಅನ್ನುವ ಗಂಟುರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. 1865ರಲ್ಲಿ ಫ್ರಾನ್ಸಿನ ರೇಷ್ಮೆ ನೆಲಕಚ್ಚಿದಾಗ ಲೂಯಿ ಪಾಶ್ಚರ್ ಆ ಊರುಗಳಿಗೆ ಹೋಗಿ ಕೂತು ಕಂಡುಕೊಂಡ ದಾರಿ ಇದು: ತಾಯಿಯಲ್ಲಿ ರೋಗದ ಬೀಜ ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಟ್ಟುಬಿಡುವುದು. ಇವತ್ತಿಗೂ ಅದೇ ಪದ್ಧತಿ. ನಿಮ್ಮ ಸೆರಗಿನ ನೂಲು ಒಂದು ತಾಯಿ ಪತಂಗದ ತಪಾಸಣೆ ದಾಟಿ ಬಂದದ್ದು.

ನೇಕಾರ: ರೇಶಿಮಿ ಮಾತು ಒಪ್ಪಿದೆ. ಆದ್ರ ಹೊಲದಾಗ ನಿಂತು ಮಾತಾಡ್ರಿ ನೋಡೋಣು. ತೊಗರಿ ಹೂ ಕಟ್ಟಿದ ಕೂಡ್ಲೆ ಕಾಯಿಕೊರಕ. ಕಡ್ಲಿಗೂ ಅದ, ಸೂರ್ಯಕಾಂತಿಗೂ ಅದ. ಹತ್ತಿ ಕಾಯೊಳಗ ಗುಲಾಬಿ ಹುಳ. ಗೋವಿನಜೋಳಕ್ಕ ಆ ಸೈನಿಕ ಹುಳ ಬಂದು ಸುಳಿ ಸುಳಿನ ತಿಂತು. ಇವೆಲ್ಲಾ ನಿಮ್ಮ ಪತಂಗದ ಮಕ್ಕಳ ಅಲ್ಲೇನು?

ಮಾಸ್ತರು: ಹೌದು, ಒಂದೊಂದೂ ಪತಂಗದ್ದೇ. ನೀವು ಹೇಳಿದ ಸೈನಿಕ ಹುಳ ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಾ ಮುಟ್ಟಿತು. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ನಮ್ಮ ರಾಜ್ಯದಲ್ಲೇ, 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರ, ಬಾಲದ ಹತ್ತಿರ ಚೌಕಾಕಾರದ ನಾಲ್ಕು ಚುಕ್ಕೆ. ಅದರ ಪತಂಗ ಒಂದು ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲದು. ಶಿವಮೊಗ್ಗದಿಂದ ನಿಮ್ಮ ಗೋವಿನಜೋಳಕ್ಕೆ ಬರಲು ಅದಕ್ಕೆ ಎಷ್ಟು ಹೊತ್ತು?

ನೇಕಾರ: ಮತ್ತ ಅಂಥಾದ್ದರ ಚಿತ್ರ ಬರಿ ಅಂತ ಹುಡುಗಿಗೆ ಹೇಳತೀರಿ.

ಮಾಸ್ತರು: ಹೇಳುತ್ತೇನೆ. ನೀವು ಪಾತರಗಿತ್ತಿಯ ಮಗುವನ್ನು ನೋಡಿದ್ದೀರಾ?

ನೇಕಾರ: ಪಾತರಗಿತ್ತಿ ಮಗು?

ಮಾಸ್ತರು: ಹಿತ್ತಲದ ನಿಂಬೆ ಗಿಡದಲ್ಲಿ, ಕರಿಬೇವಿನಲ್ಲಿ ಎಳೆ ಎಲೆ ಬೋಳಾಗುತ್ತದಲ್ಲ. ಮೊದಲು ಹಕ್ಕಿಯ ಹಿಕ್ಕೆಯ ಬಣ್ಣದ, ಆಮೇಲೆ ಹಸಿರಾಗುವ ಹುಳ. ಅದು ನಿಂಬೆ ಚಿಟ್ಟೆಯದು. ಸಸಿ ಮಾಡುವವರಿಗೆ ಅದು ದೊಡ್ಡ ಕಾಟ. ಆದರೂ ನಿಂಬೆ ಚಿಟ್ಟೆ ಅಂಗಳಕ್ಕೆ ಬಂದರೆ ಮಕ್ಕಳಿಗೆ ತೋರಿಸುತ್ತೇವೆ. ಪಾತರಗಿತ್ತಿಗೆ ಎಳೆತನದ ತಪ್ಪನ್ನು ಮಾಫಿ ಮಾಡಿ ರೆಕ್ಕೆಯಿಂದ ಗುರುತು ಹಿಡಿಯುತ್ತೇವೆ. ಪತಂಗಕ್ಕೆ ಎಳೆತನದ ತಪ್ಪನ್ನಷ್ಟೇ ಬರೆದಿಟ್ಟುಕೊಂಡು ರೆಕ್ಕೆಯನ್ನು ನೋಡುವುದೇ ಇಲ್ಲ. ಇದು ನ್ಯಾಯವಲ್ಲ. ಭಾರತದಲ್ಲಿ ಚಿಟ್ಟೆಗಳ ಜಾತಿ ಸಾವಿರದ ಮುನ್ನೂರು ನಾನೂರು ಇದ್ದಾವು. ಪತಂಗಗಳು 10,000ಕ್ಕೂ ಮಿಕ್ಕಿವೆ. ಅಷ್ಟರಲ್ಲಿ ನಿಮ್ಮ ಬೆಳೆಗೆ ಬೀಳುವವು ಬೆರಳಲ್ಲಿ ಎಣಿಸುವಷ್ಟು. ಉಳಿದ ಸಾವಿರಾರರ ಹೆಸರೂ ನಮ್ಮ ಬಾಯಲ್ಲಿಲ್ಲ.

ತಾಯಿ: ಹೆಸರಿಲ್ಲ ಅನಬ್ಯಾಡ್ರಿ. ಕಂಬಳಿ ಹುಳದ್ದು ನಮಗ ಚಲೋ ಗೊತ್ತಿತ್ತು. ಶೇಂಗಾ ಬಿತ್ತಿದ ಹೊಲದಾಗ ಮೊದಲನೇ ದೊಡ್ಡ ಮಳಿ ಆತು ಅಂದ್ರ ಮರುದಿನ ರಾತ್ರಿ ನೆಲದಾಗಿಂದ ಬಿಳಿ ರೆಕ್ಕಿ ಹುಳ ಏಳತಿದ್ದವು. ಬದುವಿನ ಮ್ಯಾಲ ಬೆಂಕಿ ಹಾಕತಿದ್ರು ಗಂಡಸರು. ಬೆಂಕಿಗೆ ಬಂದು ಬೀಳತಿದ್ದವು.

ಮಾಸ್ತರು: ಅವ್ವ ಹೇಳುವುದು ಕೆಂಪು ಕಂಬಳಿ ಹುಳದ ಪತಂಗ. ಮುಂದಿನ ರೆಕ್ಕೆ ಬಿಳಿ, ಅಂಚಿಗೆ ಹಳದಿ ಗೆರೆ. ಕೋಶ ಬೇಸಿಗೆಯೆಲ್ಲ ಮಣ್ಣೊಳಗೆ ಮಲಗಿದ್ದು, ಮುಂಗಾರಿನ ಹಸಿ ತಗುಲಿದ ಒಂದೆರಡು ದಿನಕ್ಕೆ ಎಲ್ಲವೂ ಒಮ್ಮೆಗೇ ಏಳುತ್ತವೆ. ಮೊಟ್ಟೆ ಇಡುವ ಮೊದಲೇ ಬೆಂಕಿಗೆ ಬಿದ್ದರೆ ಬೆಳೆ ಉಳಿಯಿತು. ಕೃಷಿ ಇಲಾಖೆಯವರು ಇವತ್ತಿಗೂ ಇದನ್ನೇ ಹೇಳುತ್ತಾರೆ. ಈ ಸೀಮೆಯ ರೈತರು ಪತಂಗವನ್ನು ಪತಂಗವಾಗಿಯೇ ನೋಡಿ, ಅದರ ದಿನ ಲೆಕ್ಕ ಹಾಕಿದ ವಿದ್ಯೆ ಇದು.

ನೇಕಾರ: ಆದ್ರೂ ನಿಮ್ಮ ಮಾತಿನಾಗ ಒಂದು ತೂತು ಐತಿ. ಹುಳ ಇದ್ದಾಗಷ್ಟ ತಪ್ಪು ಅಂದ್ರಲ್ಲ. ನಮ್ಮ ಬೀಗರದು ದಾಳಿಂಬ್ರಿ ತೋಟ. ಅಲ್ಲಿ ರಾತ್ರಿ ರೆಕ್ಕಿ ಬಂದದ್ದ ಬಂದು ಹಣ್ಣಿಗೆ ಚುಚ್ಚತೈತಿ. ಮುಂಜಾನೆ ನೋಡಿದ್ರ ಸೂಜಿಮೊನಿಯಷ್ಟು ತೂತು, ಸುತ್ತ ಕೊಳೆತು ಹಣ್ಣು ಉದುರೂದ. ಬಾಗಲಕೋಟಿ ದಾಳಿಂಬ್ರಿಗೆ ಹೆಸರಾದ ಜಿಲ್ಲೆರಿ.

ಮಾಸ್ತರು: ಸರಿಯಾದ ಮಾತು, ಅದಕ್ಕೆ ನಾನು ವಕಾಲತ್ತು ಹಾಕುವುದಿಲ್ಲ. ಹಣ್ಣು ಚುಚ್ಚುವ ಪತಂಗದ ಸೊಂಡಿಲು ಬಲು ಗಟ್ಟಿ, ತುದಿಗೆ ಮುಳ್ಳಿನಂಥ ಮೊನೆ. ದಾಳಿಂಬೆಯ ದಪ್ಪ ಸಿಪ್ಪೆಯನ್ನೂ ದಾಟುತ್ತದೆ. ಅದರ ಮರಿ ದಾಳಿಂಬೆಯ ಕಡೆ ತಿರುಗಿಯೂ ನೋಡುವುದಿಲ್ಲ, ಬೇಲಿಯ ಅಮೃತಬಳ್ಳಿ ತಿಂದು ಬೆಳೆಯುತ್ತದೆ. ಹಾಗಾಗಿ ತೋಟದೊಳಗೆ ಹುಳ ಹುಡುಕಿದರೆ ಸಿಗುವುದಿಲ್ಲ. ಹಣ್ಣಿಗೆ ಚೀಲ ಕಟ್ಟುವುದು, ಉದುರಿದ ಹಣ್ಣನ್ನು ಆಯ್ದು ಹೂಳುವುದು, ಅಷ್ಟೇ ದಾರಿ. ಕೊಳೆತ ಹಣ್ಣಿನ ವಾಸನೆಗೇ ಇನ್ನಷ್ಟು ಬರುತ್ತವೆ. ಅದು ಎಲ್ಲಿ ಹುಟ್ಟಿ ಎಲ್ಲಿ ಉಣ್ಣುತ್ತದೆ ಅಂತ ತಿಳಿದದ್ದು ಯಾರೋ ಅದನ್ನು ಎಳೆತನದಿಂದ ಮುಪ್ಪಿನವರೆಗೆ ಕೂತು ನೋಡಿದ್ದರಿಂದ. ಬೈದರೂ ಸರಿ, ಪೂರ್ತಿ ನೋಡಿ ಬೈಯಬೇಕು.

ನೇಕಾರ: ಹತ್ತಿ ಹೊಲದಾಗ ಆ ಮೋಹಕ ಬಲಿ ಕಟ್ಟತೀವಿ. ಗಂಡು ಹುಳ ಬಂದು ಬೀಳತಾವ. ದಿನಾ ಎಣಿಸತೀವಿ.

ಮಾಸ್ತರು: ಮೂರು ರಾತ್ರಿ ಸತತವಾಗಿ ಒಂದು ಬಲೆಗೆ ಎಂಟೆಂಟು ಬಿದ್ದರೆ ಔಷಧಿಯ ಯೋಚನೆ ಮಾಡಿ ಅನ್ನುತ್ತಾರಲ್ಲವೇ? ಆ ಬಲೆಯ ಒಳಗಿನ ರಬ್ಬರಿನ ತುಂಡಿನಲ್ಲಿ ಇರುವುದು ಹೆಣ್ಣು ಪತಂಗದ ವಾಸನೆ. ಇಂಥ ವಾಸನೆ ಇದೆ, ಇಂಥದೇ ರಾಸಾಯನಿಕ ಅಂತ ಜಗತ್ತಿನಲ್ಲಿ ಮೊದಲ ಸಲ ಬಿಡಿಸಿ ತೋರಿಸಿದ್ದು 1959ರಲ್ಲಿ, ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್. ಯಾವ ಪತಂಗದಿಂದ ತೆಗೆದರು ಹೇಳಿ.

ನೇಕಾರ: ರೇಶಿಮಿದು ಅಂತೀರೇನು?

ಮಾಸ್ತರು: ರೇಷ್ಮೆಯದೇ. ಐದು ಲಕ್ಷ ಹೆಣ್ಣು ಪತಂಗಗಳಿಂದ ಕೆಲವು ಮಿಲಿಗ್ರಾಂ ಸಿಕ್ಕಿತು. ಗಂಡಿನ ಮೀಸೆ ಬಾಚಣಿಕೆಯಂತೆ ಯಾಕಿದೆ ಅನ್ನುವುದಕ್ಕೂ ಉತ್ತರ ಅದೇ. ಗಾಳಿಯಲ್ಲಿ ತೇಲುವ ಆ ಕಣಗಳನ್ನು ಹಿಡಿಯಲಿಕ್ಕೆ. ನಿಮ್ಮ ಮಗ್ಗಕ್ಕೆ ನೂಲು ಕೊಟ್ಟ ಪತಂಗವೇ ನಿಮ್ಮ ಹತ್ತಿ ಹೊಲಕ್ಕೆ ಕಾವಲಿನ ದಾರಿಯನ್ನೂ ತೋರಿಸಿತು.

ತಾಯಿ: ಚಂದ ಇಲ್ಲ ಅಂತ ನನ್ನ ಮಗ ಅಂತಾನ. ಕಣಗಿಲ ಗಿಡದಾಗ ಒಂದು ಹಸರು ಹುಳ ಬರತೈತಲ್ರಿ, ಕಣ್ಣು ಬಿಟ್ಟು ನೋಡತೈತಿ. ಅದೇನು?

ಮಾಸ್ತರು: ಅವ್ವ, ಅದನ್ನು ನೋಡಿದ್ದೀರಲ್ಲ! ಅದು ಕಣ್ಣಲ್ಲ, ತಲೆಯ ಹಿಂದಿನ ಎರಡು ಗುಂಡು ಮಚ್ಚೆ, ನೀಲಿ ಬಿಳಿ. ಮುಟ್ಟಿದರೆ ತಲೆ ಒಳಗೆಳೆದುಕೊಂಡು ಆ ಮಚ್ಚೆಗಳನ್ನು ದೊಡ್ಡದು ಮಾಡಿ ಹಕ್ಕಿಗಳನ್ನು ಹೆದರಿಸುತ್ತದೆ. ಬಾಲದಲ್ಲೊಂದು ಸಣ್ಣ ಕೊಂಬು. ದನಕರು ಬಾಯಿ ಹಾಕದ ವಿಷದ ಎಲೆ ತಿಂದು ದಪ್ಪಗಾಗುತ್ತದೆ. ಕೋಶ ಆಗುವ ಹೊತ್ತಿಗೆ ಮೈ ಕಂದಾಗಿ, ಗಿಡದಿಂದ ಇಳಿದು ಕಸದೆಲೆಯ ಕೆಳಗೆ ಸೇರುತ್ತದೆ. ಆಮೇಲೆ ಬರುವ ಪತಂಗದ ಮೈಮೇಲೆ ಪಾಚಿ ಹಸಿರು, ತಿಳಿ ಗುಲಾಬಿ, ಬಿಳಿ ಒಂದರೊಳಗೊಂದು ಹರಿದಿರುತ್ತವೆ. ರೆಕ್ಕೆ ಚೂಪು, ವಿಮಾನದಷ್ಟು ನೇರ. ಹೂವಿನ ಮುಂದೆ ಕೂಡುವುದಿಲ್ಲ, ಗಾಳಿಯಲ್ಲೇ ನಿಂತು ಉದ್ದನೆ ಸೊಂಡಿಲು ಇಳಿಸಿ ಕುಡಿಯುತ್ತದೆ. ಗುಡೂರಿನಲ್ಲಿ ಕಣಗಿಲೆ ಇರುವ ಮನೆ ಎಷ್ಟಿಲ್ಲ? ಅಷ್ಟೂ ಮನೆಗೆ ಅದು ಬರಬಹುದು. ಅದರ ಎದುರು ಎಷ್ಟೋ ಚಿಟ್ಟೆಗಳ ಬಣ್ಣ ಸಪ್ಪೆ.

ನೇಕಾರ: ಹಂಗಾದ್ರ ಪಾತರಗಿತ್ತಿ ಯಾವುದು, ಪತಂಗ ಯಾವುದು ಅಂತ ಗುರುತು ಹಿಡಿಯೂದು ಹ್ಯಾಂಗ? ಬಣ್ಣದಿಂದ ಆಗೂದಿಲ್ಲ ಅಂದಂಗಾತು.

ಮಾಸ್ತರು: ಆಗುವುದಿಲ್ಲ. ಹೊತ್ತಿನಿಂದಲೂ ಪೂರಾ ಆಗುವುದಿಲ್ಲ. ಸಣಬಿನ ಹೊಲದಲ್ಲಿ ಹಗಲಲ್ಲೇ ಹಾರುವ ಬಿಳಿ ರೆಕ್ಕೆಯ ಮೇಲೆ ಕೆಂಪು ಕಪ್ಪು ಚುಕ್ಕೆಯದು ಪತಂಗವೇ. ಮೀಸೆ ನೋಡಿ. ಚಿಟ್ಟೆಯ ಮೀಸೆ ತುದಿಗೆ ಗುಂಡಗೆ ದಪ್ಪ. ಪತಂಗದ್ದು ದಾರದಂತೆ ಸಣ್ಣಗೆ, ಇಲ್ಲವೇ ಗರಿಯಂತೆ. ಆದರೆ ಈ ಗೆರೆ ನಾವು ಎಳೆದುಕೊಂಡದ್ದು. ವಂಶದ ಲೆಕ್ಕದಲ್ಲಿ ಚಿಟ್ಟೆಗಳು ಪತಂಗಗಳ ದೊಡ್ಡ ಮನೆತನದ ಒಂದು ಕವಲು. ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ರಾತ್ರಿ ಬಿಟ್ಟು ಹಗಲಿಗೆ ಬಂದ ಪತಂಗಗಳ ಸಂತಾನ ಪಾತರಗಿತ್ತಿ. ಹಿರಿಯರು ಇನ್ನೂ ರಾತ್ರಿಯಲ್ಲೇ ಇದ್ದಾರೆ. ಮನೆತನದ ಒಂದು ಕವಲಿಗೆ ಪಟ್ಟ ಕಟ್ಟಿ, ಮನೆತನವನ್ನೇ ಹೊರಗಿಟ್ಟಿದ್ದೇವೆ.

ನೇಕಾರ: ದೀಪದ ಮಾತು ಬಿಟ್ರಿ ನೀವು. ಶ್ರಾವಣದ ಪುರಾಣದಾಗ ಪ್ರತಿ ವರ್ಷ ಕೇಳತೀವಿ. ಜಿಂಕಿ ಕಿವಿಯಿಂದ ಕೆಟ್ಟಿತು, ಆನಿ ಸ್ಪರ್ಶದಿಂದ, ಮೀನ ನಾಲಿಗಿಯಿಂದ, ದುಂಬಿ ಮೂಗಿನಿಂದ, ಪತಂಗ ಕಣ್ಣಿನಿಂದ. ದೀಪದ ರೂಪಕ್ಕ ಮೋಹಗೊಂಡು ಸುಟ್ಟುಕೊಂತು ಅಂತ.

ಮಾಸ್ತರು: ಪುರಾಣಿಕರು ಹೇಳುವುದು ಮನುಷ್ಯನ ಮನಸ್ಸಿನ ಮಾತು, ಅದು ಅಲ್ಲಿಗೆ ಸರಿ. ಪತಂಗದ ಮಟ್ಟಿಗೆ ಮಾತ್ರ ಅದು ಮೋಹವಲ್ಲ. 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ವೇಗದ ಕ್ಯಾಮೆರಾ ಇಟ್ಟು ನೋಡಿದ್ದನ್ನು ಪ್ರಕಟಿಸಿದರು. ರಾತ್ರಿ ಹಾರುವ ಹುಳಗಳಿಗೆ ಮೇಲು ಕೆಳಗು ತಿಳಿಯುವುದು ಆಕಾಶದ ಮಂದ ಬೆಳಕಿನಿಂದ. ಬೆನ್ನನ್ನು ಸದಾ ಬೆಳಕಿನ ಕಡೆ ಇಟ್ಟು ಹಾರಿದರೆ ನೇರ ಹಾರಿದಂತೆ. ನಾವು ಪಕ್ಕದಲ್ಲೊಂದು ದೀಪ ಹಚ್ಚಿದರೆ ಅವು ಅದನ್ನೇ ಆಕಾಶ ಅಂದುಕೊಂಡು ಬೆನ್ನು ತಿರುಗಿಸುತ್ತವೆ. ಮೈ ವಾಲುತ್ತದೆ, ಸುತ್ತುತ್ತವೆ, ದೀಪದ ಮೇಲೆ ಬಂದರೆ ಮಗುಚಿ ಬೀಳುತ್ತವೆ. ಬರಲು ಬಯಸಿ ಬಂದದ್ದಲ್ಲ, ಹೋಗಲು ದಾರಿ ತಪ್ಪಿದ್ದು. ಅದೇ ಪರೀಕ್ಷೆಯಲ್ಲಿ ಹಾಗೆ ವಾಲದೆ ದೀಪದ ಮೇಲಿಂದ ನೇರ ಹಾರಿಹೋದ ಒಂದು ಪತಂಗವೂ ಇತ್ತು.

ತಾಯಿ: ಯಾವುದ್ರಿ?

ಮಾಸ್ತರು: ನಿಮ್ಮ ಕಣಗಿಲೆಯದೇ, ಅವ್ವ.

ನೇಕಾರ: ಅಂದ್ರ ಬೀದಿಗೆ ಹಾಕಿದ ಈ ಬೆಳ್ಳನ ಎಲ್‌ಇಡಿ ದೀಪ ತಪ್ಪು ಅಂತೀರೇನು?

ಮಾಸ್ತರು: ದೀಪ ಬೇಡ ಅನ್ನುವುದಿಲ್ಲ. ಹೆಣ್ಣುಮಕ್ಕಳು ಓಡಾಡುವ ಬೀದಿಗೆ ಬೆಳಕು ಬೇಕೇ ಬೇಕು. ಬೆಳಕು ಕೆಳಗಷ್ಟೇ ಬೀಳುವಂತೆ ಮುಚ್ಚಿಗೆ ಇರಲಿ, ಬಣ್ಣ ಸ್ವಲ್ಪ ಹಳದಿಗೆ ತಿರುಗಲಿ, ಯಾರೂ ಇಲ್ಲದ ಗೋಡೌನಿನ ಮುಂದೆ ರಾತ್ರಿಯೆಲ್ಲ ಉರಿಯದಿರಲಿ. ಪತಂಗಕ್ಕೆ ಮೊದಲೇ ವೈರಿಗಳು ಸಾಕಷ್ಟು. ಬಾದಾಮಿ, ಐಹೊಳೆಯ ಹಳೇ ಗುಡಿ ಗವಿಗಳಲ್ಲಿ ತೊಗಲಬಾವಲಿ ನೋಡಿದ್ದೀರಲ್ಲ. ಅವುಗಳ ಕೂಗು ನಮಗೆ ಕೇಳದು, ಎಷ್ಟೋ ಪತಂಗಗಳಿಗೆ ಕೇಳುತ್ತದೆ. ಕೇಳಿದ ಕೂಡಲೇ ರೆಕ್ಕೆ ಮಡಚಿ ನೆಲಕ್ಕೆ ಬೀಳುತ್ತವೆ. ಅಷ್ಟು ಹುಷಾರಾದ ಜೀವಿ ನಮ್ಮ ಕಂಬದ ಕೆಳಗೆ ರಾತ್ರಿ ಪೂರಾ ಸುತ್ತಿ ಸೋತು ಬೆಳಿಗ್ಗೆ ಕಾಗೆಯ ಬಾಯಿಗೆ ಹೋಗುತ್ತದೆ. ಆ ರಾತ್ರಿ ಅದು ಹೂವಿಗೆ ಹೋಗಬೇಕಿತ್ತು.

ನೇಕಾರ: ರಾತ್ರಿ ಹೂವಿಗೆ ಹೋಗಿ ನಮಗೇನು ಬಂತು?

ಮಾಸ್ತರು: ಹಿತ್ತಲದ ಜವಾರಿ ಪಪ್ಪಾಯಿ, ಗಂಡು ಗಿಡ ಹೆಣ್ಣು ಗಿಡ ಬೇರೆ ಬೇರೆ ಇರುವುದು. ಅದರ ಹೂ ಸಂಜೆಗೆ ಅರಳಿ ಘಮ್ ಅನ್ನುತ್ತದೆ. ಗಂಡಿನಿಂದ ಹೆಣ್ಣಿಗೆ ಪರಾಗ ಒಯ್ಯುವುದರಲ್ಲಿ ಕಣಗಿಲೆಯದರ ಬಳಗದ ಪತಂಗಗಳದೇ ದೊಡ್ಡ ಪಾಲು. ಬಿಳಿ ಬಣ್ಣ, ಉದ್ದ ಕೊಳವೆ, ಸಂಜೆಯ ವಾಸನೆ, ಇಷ್ಟು ಕೂಡಿದ ಹೂ ಕಂಡರೆ ಅದು ಯಾರಿಗಾಗಿ ಅರಳಿದೆ ಅಂತ ಊಹಿಸಬಹುದು. ಆಕಾಶಮಲ್ಲಿಗೆಯನ್ನೇ ನೋಡಿ. ಡಾರ್ವಿನ್ 1862ರಲ್ಲಿ ಮಡಗಾಸ್ಕರದ ಒಂದು ಆರ್ಕಿಡ್ ಹೂವಿನ ಒಂದಡಿಯಷ್ಟು ಉದ್ದದ ಮಕರಂದದ ಕೊಳವೆ ನೋಡಿ, ಅಷ್ಟೇ ಉದ್ದ ಸೊಂಡಿಲಿನ ಪತಂಗ ಇರಲೇಬೇಕು ಅಂದ. ಅವನು ಹೋದ ಮೇಲೆ, 1903ರಲ್ಲಿ, ಅಂಥದ್ದಕ್ಕೆ ಶಾಸ್ತ್ರದ ಹೆಸರು ಬಿತ್ತು. ಇನ್ನು ಹಕ್ಕಿಗಳು. ಗುಬ್ಬಿ ಕಾಳು ತಿನ್ನುತ್ತದೆ ಅನ್ನುತ್ತೇವೆ, ಮರಿಗೆ ಕೊಡುವುದು ಹುಳ. ಹುಳ ಕಡಿಮೆಯಾದರೆ ಗೂಡಿನ ಮರಿ ಉಳಿಯುವುದಿಲ್ಲ.

ನೇಕಾರ: ಚಿತ್ರಕ್ಕ ಅಂತ ಬಂದ್ರ ಇಷ್ಟೆಲ್ಲಾ ಐತಿ ಅಂತ ಗೊತ್ತಿರಲಿಲ್ಲ. ಈಗ ಹುಡುಗಿಗೆ ಏನು ಹುಡುಕಿ ಕೊಡಲಿ?

ಮಾಸ್ತರು: 2012ರಿಂದ ಜುಲೈ ಕೊನೆಯ ವಾರ ಪತಂಗದ ವಾರ ಅಂತ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಈ ಸಲ ಶಾಲೆಯ ಹಿಂದಿನ ಬಯಲಲ್ಲಿ ಒಂದು ಬಿಳಿ ಬಟ್ಟೆ ಕಟ್ಟಿ, ದೀಪ ಹಾಕಿ ನೋಡಬೇಕೆಂದಿದ್ದೇನೆ. ಅಮಾವಾಸ್ಯೆಯ ಆಚೀಚೆ ಹೆಚ್ಚು ಬರುತ್ತವೆ. ಎರಡು ಮೂರು ತಾಸು ನೋಡಿ ದೀಪ ಆರಿಸಿಬಿಡಬೇಕು, ಅವುಗಳ ರಾತ್ರಿ ಉಳಿಯಲಿ.

ನೇಕಾರ: ಬಟ್ಟಿ ನಾ ಕೊಡತೀನ್ರಿ. ಹತ್ತಿದು, ಬಣ್ಣ ಹಾಕಲಾರದ್ದು, ಅಗಲ ಪನ್ನದ್ದು ಐತಿ. ಆದ್ರ ಜುಲೈತನಕ ಹುಡುಗಿ ಕಾಯೂದಿಲ್ಲ.

ತಾಯಿ: ಔಡಲದ ಎಲಿ ತಂದು ಕೊಡ. ಬದುವಿನ ಔಡಲದಾಗ ಈಗ ಹುಳ ಬರತಾವ. ಒಂದು ಮೈತುಂಬ ಮುಳ್ಳಿಂದು, ಇನ್ನೊಂದು ಬೆನ್ನು ಬಾಗಿಸಿ ನಡೆಯೂದು.

ಮಾಸ್ತರು: ಅವ್ವ ಹೇಳಿದ್ದಕ್ಕಿಂತ ಒಳ್ಳೆಯ ಪಾಠ ನನ್ನ ಹತ್ತಿರವೂ ಇಲ್ಲ. ಮುಳ್ಳಿನದು ಔಡಲದ ಚಿಟ್ಟೆಯಾಗುತ್ತದೆ. ಬೆನ್ನು ಬಾಗಿಸಿ ನಡೆಯುವುದು ಪತಂಗವಾಗುತ್ತದೆ. ಒಂದೇ ಗಿಡ, ಒಂದೇ ಎಲೆ. ಚಿಟ್ಟೆಯ ಬಣ್ಣ ಇಟ್ಟಂಗಿ ಕಂದು, ಮೇಲೆ ಅಲೆಅಲೆಯಾದ ಕಪ್ಪು ಗೆರೆ. ಪತಂಗ ಕೂತಾಗ ಬೂದುಕಂದು, ಹಿಂದಿನ ರೆಕ್ಕೆ ಬಿಚ್ಚಿತೆಂದರೆ ಕಡುಗಪ್ಪಿನ ಮೇಲೆ ಅಚ್ಚ ಬಿಳಿ ಪಟ್ಟೆ. ಎರಡನ್ನೂ ಬರೆಯಲಿ.

ನೇಕಾರ: ಒಂದ ಡಬ್ಬ್ಯಾಗ ಇಟ್ರ ಆತೇನು?

ಮಾಸ್ತರು: ಬೇರೆ ಬೇರೆ ಇಡಿ. ಮುಚ್ಚಳದ ಬದಲು ತೆಳು ಬಟ್ಟೆ ಕಟ್ಟಿ, ದಿನಾ ತಾಜಾ ಎಲೆ ಹಾಕಿ ಹಿಕ್ಕೆ ತೆಗೆಯಲಿ. ಬೆನ್ನು ಬಾಗಿಸುವ ಹುಳ ಇರುವ ಡಬ್ಬಿಯಲ್ಲಿ ಎರಡು ಬೆರಳಷ್ಟು ಹಸಿ ಮಣ್ಣು, ಒಂದಷ್ಟು ಒಣ ಎಲೆ ಇರಲಿ. ಅದು ಕೋಶ ಕಟ್ಟಲು ಕೆಳಗಿಳಿಯುತ್ತದೆ. ಮುಳ್ಳಿನದಕ್ಕೆ ಒಂದು ಕಡ್ಡಿ ನಿಲ್ಲಿಸಿ, ಅದು ನೇತಾಡಿಕೊಂಡೇ ಕೋಶವಾಗುತ್ತದೆ. ಯಾವ ದಿನ ಕೋಶವಾಯಿತು, ಯಾವ ದಿನ ರೆಕ್ಕೆ ಬಂತು ಅಂತ ಚಿತ್ರದ ಕೆಳಗೆ ಬರೆದಿಡಲು ಹೇಳಿ. ಪತಂಗ ರಾತ್ರಿಯೇ ಹೊರಬರಬಹುದು, ಬಂದರೆ ನನ್ನನ್ನೂ ಎಬ್ಬಿಸಿ.